ಪಾಠಕ್ಕೆ ತಂತ್ರಜ್ಞಾನ ಬಳಸುವುದು ಹೇಗೆ: ಶಿಕ್ಷಕರಿಗೆ ಹಂತ ಹಂತದ ಮಾರ್ಗದರ್ಶಿ

ತಂತ್ರಜ್ಞಾನದ ತರಬೇತಿ ಸಾಮಾನ್ಯವಾಗಿ ಆ್ಯಪ್‌ನಿಂದ ಶುರುವಾಗುತ್ತದೆ. ಇದನ್ನು ಇಳಿಸಿಕೊಳ್ಳಿ, ಇಲ್ಲಿ ಒತ್ತಿ, ಹೀಗೆ ಹಂಚಿ. ಎಲ್ಲ ಕಲಿತು ತರಗತಿಗೆ ಹೋದ ಮೇಲೆ ಅದನ್ನು ಯಾವ ಪಾಠಕ್ಕೆ ಬಳಸಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಉಲ್ಟಾ ದಾರಿ ಹಿಡಿದಿದ್ದೇನೆ. ಮೊದಲು ಪಾಠ, ಅದರಲ್ಲಿ ಮಕ್ಕಳು ಎಡವುವ ಜಾಗ, ಆಮೇಲೆ ಸಾಧನ.

ನನ್ನ ಪ್ರಕಾರ ತರಗತಿಯಲ್ಲಿ ತಂತ್ರಜ್ಞಾನಕ್ಕೆ ಎರಡು ದೊಡ್ಡ ಕೆಲಸಗಳಿವೆ. ಬೋರ್ಡಿನ ಮೇಲೆ ತೋರಿಸಲಾಗದ್ದನ್ನು ಮಕ್ಕಳಿಗೆ ತೋರಿಸುವುದು ಒಂದು. ಮಕ್ಕಳಿಗೆ ಏನು ಅರ್ಥವಾಗಿದೆ, ಏನು ಆಗಿಲ್ಲ ಅನ್ನುವುದನ್ನು ನಮಗೆ ತೋರಿಸುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮಾಡುವವರು ಕಡಿಮೆ. ಕಲಿಕೆ ಬದಲಾಗುವುದು ಮಾತ್ರ ಅಲ್ಲೇ.

ಹಂತ 1: ಮಕ್ಕಳು ಎಡವುವ ಜಾಗ ಹುಡುಕಿ

ಮುಂದಿನ ತಿಂಗಳು ಮಾಡಬೇಕಾದ ಪಾಠಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಪಾಠದ ಪಕ್ಕದಲ್ಲಿ, ಮಕ್ಕಳು ವರ್ಷಾ ವರ್ಷಾ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ಒಂದು ಸಾಲು ಬರೆಯಿರಿ. ನೆನಪಾಗದಿದ್ದರೆ ಹಳೇ ಉತ್ತರಪತ್ರಿಕೆಗಳನ್ನು ತೆಗೆದು ನೋಡಿ. ಒಂದೇ ತಪ್ಪು ಹತ್ತಾರು ಕೈಬರಹದಲ್ಲಿ ಕಾಣುತ್ತದೆ.

ಈಗ ಆ ತೊಡಕು ಯಾವ ಬಗೆಯದು ನೋಡಿ. ವಿದ್ಯುತ್ ಪ್ರವಾಹ, ಅಣುಗಳ ಓಡಾಟದಂಥ ಕಣ್ಣಿಗೆ ಕಾಣದ ಸಂಗತಿಯಾದರೆ ಸಿಮ್ಯುಲೇಷನ್, ಅಂದರೆ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಅಣಕು ಪ್ರಯೋಗ ಬೇಕು. ಬಹಳ ಬೇಗ ಆಗಿಹೋಗುವುದಾದರೆ ಫೋನಿನ ಸ್ಲೋ ಮೋಷನ್ ವಿಡಿಯೊ ಸಾಕು. ಬೀಜ ಮೊಳೆಯುವ ಹಾಗೆ ಬಹಳ ನಿಧಾನವಾದರೆ ಟೈಮ್ ಲ್ಯಾಪ್ಸ್, ಅಂದರೆ ದಿನಗಳ ಬದಲಾವಣೆಯನ್ನು ಕೆಲವು ಸೆಕೆಂಡಿನಲ್ಲಿ ತೋರಿಸುವ ವಿಡಿಯೊ. ಆಕಾರ ಬದಲಾದರೂ ಬದಲಾಗದ ನಿಯಮವನ್ನು ತೋರಿಸಬೇಕಾದರೆ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ. ಓದು, ಉಚ್ಚಾರದ ತೊಡಕಾದರೆ ಧ್ವನಿ ರೆಕಾರ್ಡಿಂಗ್.

ಇದ್ಯಾವುದಕ್ಕೂ ಸೇರದಿದ್ದರೆ ಆ ಪಾಠವನ್ನು ಬೋರ್ಡು, ಸೀಮೆಸುಣ್ಣದಲ್ಲೇ ಮಾಡಿ. ಗಣಿತದ ಲೆಕ್ಕವೊಂದನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಲು ಬೋರ್ಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಬರೆಯುವ ವೇಗ ಮಕ್ಕಳು ಯೋಚಿಸುವ ವೇಗಕ್ಕೆ ಹೊಂದುತ್ತದೆ. ಅದೇ ಲೆಕ್ಕವನ್ನು ಪಿಪಿಟಿಯಲ್ಲಿ ಹಾಕಿದರೆ ನಾಲ್ಕು ಸಾಲು ಒಟ್ಟಿಗೇ ಬಂದು ನಿಲ್ಲುತ್ತವೆ.

ಹಂತ 2: ಕೈಯಲ್ಲಿ ಏನಿದೆ ನೋಡಿಕೊಳ್ಳಿ

ನಿಮ್ಮ ಒಂದು ಫೋನ್ ಮಾತ್ರ ಇದ್ದರೂ ಈ ಬರಹದ ಅರ್ಧದಷ್ಟು ಕೆಲಸ ಮಾಡಬಹುದು. ಜೊತೆಗೆ ಪ್ರೊಜೆಕ್ಟರೋ ದೊಡ್ಡ ಟಿವಿಯೋ ಇದ್ದರೆ ಹೆಚ್ಚುಕಡಿಮೆ ಎಲ್ಲವನ್ನೂ ಮಾಡಬಹುದು. ಮಗುವಿಗೊಂದು ಟ್ಯಾಬ್ ಇರಬೇಕು ಅಂತೇನಿಲ್ಲ. ಮೂರು ಮಕ್ಕಳಿಗೆ ಒಂದು ಇದ್ದರೆ ಎಷ್ಟೋ ಸಲ ಅದೇ ಒಳ್ಳೆಯದು, ಮಾತಾಡಿಕೊಂಡು ಮಾಡುತ್ತಾರೆ.

ಇಂಟರ್ನೆಟ್ ನಂಬುವಂತಿಲ್ಲವೇ? ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಿಂದ ವಿಕಿಪೀಡಿಯಾವನ್ನೇ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು. ಕೊಲಿಬ್ರಿ ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನು ಒಂದು ಲ್ಯಾಪ್‌ಟಾಪ್‌ಗೆ ಹಾಕಿ ಪಾಠ, ವಿಡಿಯೊ, ಅಭ್ಯಾಸಗಳನ್ನು ಮೊದಲೇ ತುಂಬಿಟ್ಟರೆ, ತರಗತಿಯ ವೈಫೈ ಮೂಲಕವೇ ಉಳಿದ ಸಾಧನಗಳಿಗೆ ಅದು ಸಿಗುತ್ತದೆ. ಹೊರಗಿನ ಇಂಟರ್ನೆಟ್ ಬೇಕಿಲ್ಲ.

ಮಕ್ಕಳಿಲ್ಲದ ಹೊತ್ತಿನಲ್ಲಿ ಒಮ್ಮೆ ಎಲ್ಲವನ್ನೂ ಜೋಡಿಸಿ ನೋಡಿ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಹಿಡಿದು ಪಿ ಒತ್ತಿದರೆ ಪರದೆಯನ್ನು ಪ್ರೊಜೆಕ್ಟರಿಗೆ ಹೇಗೆ ಕಳಿಸಬೇಕು ಅನ್ನುವ ಆಯ್ಕೆಗಳು ಬರುತ್ತವೆ. ಆಮೇಲೆ ಹಿಂದಿನ ಬೆಂಚಿನಲ್ಲಿ ಹೋಗಿ ಕೂತು ಓದಿ. ಅಲ್ಲಿಂದ ಓದಲು ಕಷ್ಟವಾದರೆ ಅಕ್ಷರ ದೊಡ್ಡದು ಮಾಡಿ, ಸಾಲು ಕಡಿಮೆ ಮಾಡಿ. ಧ್ವನಿಯನ್ನೂ ಅಲ್ಲಿಂದಲೇ ಕೇಳಿ. ಲ್ಯಾಪ್‌ಟಾಪಿನ ಸ್ಪೀಕರ್ ತುಂಬಿದ ತರಗತಿಗೆ ಸಾಲುವುದಿಲ್ಲ.

ಹಂತ 3: ಫೋನನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ

ಯಾವುದರಿಂದ ಶುರು ಮಾಡಲಿ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಫೋನನ್ನು ಮೇಜಿನ ಮೇಲೆ, ಕ್ಯಾಮೆರಾ ಕೆಳಮುಖವಾಗಿರುವಂತೆ ನಿಲ್ಲಿಸಿ. ಸ್ಟ್ಯಾಂಡ್ ಇಲ್ಲದಿದ್ದರೆ ಪುಸ್ತಕಗಳನ್ನು ಪೇರಿಸಿ, ಮೇಲಿನ ಪುಸ್ತಕದ ಅಂಚಿನಿಂದ ಕ್ಯಾಮೆರಾ ಮಾತ್ರ ಹೊರಚಾಚುವಂತೆ ಇಟ್ಟರೂ ನಡೆಯುತ್ತದೆ. ಫೋನಿನ ಪರದೆಯನ್ನು ಕೇಬಲ್ ಅಥವಾ ವೈಫೈ ಮೂಲಕ ಪ್ರೊಜೆಕ್ಟರಿಗೆ ಕಳಿಸಿ. ಅದಕ್ಕೂ ಮೊದಲು ಫೋನನ್ನು ಡು ನಾಟ್ ಡಿಸ್ಟರ್ಬ್‌ಗೆ ಹಾಕುವುದು ಮರೆಯಬೇಡಿ. ಇಲ್ಲದಿದ್ದರೆ ನಿಮ್ಮ ಮನೆಯ ಮೆಸೇಜು ಇಡೀ ತರಗತಿಗೆ ಕಾಣುತ್ತದೆ.

ಈಗ ಕ್ಯಾಮೆರಾದ ಕೆಳಗೆ ಏನಿಟ್ಟರೂ ಎಲ್ಲರಿಗೂ ಕಾಣುತ್ತದೆ. ಹೂವಿನ ಕೇಸರ, ಕೋನಮಾಪಕ ಇಡುವ ರೀತಿ, ಕವಿತೆಯ ಒಂದು ಸಾಲು. ಇವೆಲ್ಲಕ್ಕಿಂತ ಉಪಯೋಗದ್ದು ಮಕ್ಕಳ ನೋಟ್‌ಬುಕ್. ಎಲ್ಲರೂ ಲೆಕ್ಕ ಮಾಡುವಾಗ ಓಡಾಡಿ ನೋಡಿ. ಬೇರೆ ಬೇರೆ ದಾರಿಯಲ್ಲಿ ಬಿಡಿಸಿದ ಎರಡು ನೋಟ್‌ಬುಕ್ ಆರಿಸಿ, ಆ ಮಕ್ಕಳನ್ನು ಕೇಳಿ, ಹೆಸರು ಕಾಣದ ಹಾಗೆ ಕ್ಯಾಮೆರಾದ ಕೆಳಗಿಡಿ. "ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೇಗೆ ಬಂದರು?" ಎಂದು ತರಗತಿಯನ್ನೇ ಕೇಳಿ. ಮಕ್ಕಳು ನಾವು ಬಿಡಿಸಿದ್ದಕ್ಕಿಂತ ತಮ್ಮ ಜೊತೆಯವರು ಬಿಡಿಸಿದ್ದನ್ನು ಹೆಚ್ಚು ಗಮನವಿಟ್ಟು ನೋಡುತ್ತಾರೆ. ಮೊದಮೊದಲು ಸರಿಯಾದ ಉತ್ತರಗಳನ್ನೇ ತೋರಿಸಿ. ತಪ್ಪು ತೋರಿಸಿದರೆ ಅವಮಾನ ಆಗುವುದಿಲ್ಲ ಅನ್ನುವ ನಂಬಿಕೆ ಹುಟ್ಟಿದ ಮೇಲೆ ತಪ್ಪಿರುವುದನ್ನೂ ತೋರಿಸಬಹುದು.

ಹಂತ 4: ಪ್ರತಿ ಮಗುವಿನ ಉತ್ತರವನ್ನೂ ಪಡೆಯಿರಿ

"ಅರ್ಥವಾಯ್ತಾ?" ಎಂದರೆ "ಆಯ್ತು" ಅನ್ನುತ್ತಾರೆ. ಕೈ ಎತ್ತುವವರು ಯಾವಾಗಲೂ ಅದೇ ನಾಲ್ಕು ಜನ. ಹಿಂದೆ ಸುಮ್ನೆ ಕೂತ ಮಗುವಿಗೆ ಏನು ಅರ್ಥವಾಗಿದೆ ಅನ್ನುವುದು ಪರೀಕ್ಷೆ ಬಂದ ಮೇಲೆಯೇ ಗೊತ್ತಾಗುವುದು. ಆಗ ಹೊತ್ತು ಮೀರಿರುತ್ತದೆ. ಇದನ್ನು ಸರಿಮಾಡಲು ತಂತ್ರಜ್ಞಾನ ನಿಜಕ್ಕೂ ಸಹಾಯ ಮಾಡುತ್ತದೆ.

ಮಕ್ಕಳ ಹತ್ತಿರ ಏನೂ ಇಲ್ಲದ ತರಗತಿಗೆ ಪ್ಲಿಕರ್ಸ್ ಎಂಬ ಆ್ಯಪ್ ಒಳ್ಳೆಯದು. ಮಗುವಿಗೊಂದು ಮುದ್ರಿತ ಕಾರ್ಡು. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರ ಮೇಲೆ ಬರುವಂತೆ ಮಗು ಕಾರ್ಡನ್ನು ತಿರುಗಿಸಿ ಹಿಡಿಯುತ್ತದೆ. ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಹಾಯಿಸಿದರೆ ಎಲ್ಲರ ಉತ್ತರವೂ ದಾಖಲಾಗುತ್ತದೆ. ಪ್ರತಿ ಕಾರ್ಡಿನ ಚಿತ್ರವೂ ಬೇರೆ, ಹಾಗಾಗಿ ಪಕ್ಕದವರನ್ನು ನೋಡಿ ಹಿಡಿಯುವುದು ಸುಲಭವಲ್ಲ. ಕಾರ್ಡಿಗೆ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಬೆಳಕು ಬಡಿದರೆ ಕ್ಯಾಮೆರಾಕ್ಕೆ ಓದಲು ಬರುವುದಿಲ್ಲ. ಮಕ್ಕಳ ಕೈಯಲ್ಲಿ ಸಾಧನಗಳಿದ್ದರೆ ಕಹೂಟ್ ಎಂಬ ಕ್ವಿಜ್ ಆಟ ಅಥವಾ ಆನ್‌ಲೈನ್ ಪ್ರಶ್ನೆಪಟ್ಟಿ ಮಾಡುವ ಗೂಗಲ್ ಫಾರ್ಮ್ಸ್ ಬಳಸಬಹುದು. ಕಹೂಟ್‌ನಲ್ಲಿ ಬೇಗ ಒತ್ತಿದವರಿಗೆ ಅಂಕ ಜಾಸ್ತಿ. ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆಗೆ ಈ ಅವಸರ ಒಗ್ಗುವುದಿಲ್ಲ, ಪುನರಾವರ್ತನೆಗೆ ಸರಿ.

ಸಾಧನಕ್ಕಿಂತ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಒಳ್ಳೆಯ ಪ್ರಶ್ನೆಯಲ್ಲಿ ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಮಕ್ಕಳು ನಿಜವಾಗಿ ನಂಬುವ ಒಂದು ತಪ್ಪು ಕಲ್ಪನೆ ಇರುತ್ತದೆ. ಒಂದು ಬ್ಯಾಟರಿ, ಒಂದು ಬಲ್ಬು, ಎರಡು ತಂತಿ ಇವೆ. ಬಲ್ಬು ಉರಿಯುತ್ತಿದೆ. ಎರಡು ತಂತಿಗಳಲ್ಲಿನ ವಿದ್ಯುತ್ ಪ್ರವಾಹದ ಬಗ್ಗೆ ಯಾವುದು ಸರಿ?

ಎ. ವಾಪಸ್ ಬರುವ ತಂತಿಯಲ್ಲಿ ಕಡಿಮೆ, ಸ್ವಲ್ಪವನ್ನು ಬಲ್ಬು ಬಳಸಿಕೊಂಡಿದೆ.
ಬಿ. ಎರಡರಲ್ಲೂ ಒಂದೇ.
ಸಿ. ವಾಪಸ್ ಬರುವ ತಂತಿಯಲ್ಲಿ ಪ್ರವಾಹವೇ ಇಲ್ಲ, ಎಲ್ಲ ಬಲ್ಬಿನಲ್ಲೇ ಮುಗಿದಿದೆ.
ಡಿ. ಎರಡೂ ತಂತಿಗಳಿಂದ ಪ್ರವಾಹ ಬಲ್ಬಿನ ಕಡೆಗೇ ಹೋಗಿ ಅಲ್ಲಿ ಸೇರುತ್ತದೆ.

ಸರಿ ಉತ್ತರ ಬಿ. ಆದರೆ ಎ ಆರಿಸುವವರು ಯಾವ ತರಗತಿಯಲ್ಲೂ ಇರುತ್ತಾರೆ. ಎಷ್ಟು ಜನ ತಪ್ಪಿದರು ಅನ್ನುವುದಷ್ಟೇ ಅಲ್ಲ, ಯಾವ ತಪ್ಪು ಆರಿಸಿದರು ಅನ್ನುವುದನ್ನೂ ನೋಡಿ. ಎ ಆರಿಸಿದ ಮಗುವಿಗೂ ಡಿ ಆರಿಸಿದ ಮಗುವಿಗೂ ಹೇಳಿಕೊಡಬೇಕಾದ್ದು ಬೇರೆ ಬೇರೆ.

ಫಲಿತಾಂಶ ಬಂದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಪದ್ಧತಿ ಇದೆ. ಮೊದಲ ಸಲ ಎಲ್ಲರೂ ಮಾತಾಡದೆ ಉತ್ತರಿಸಬೇಕು. ಸರಿ ಉತ್ತರ ಕೊಟ್ಟವರು ಶೇಕಡಾ 30ಕ್ಕಿಂತ ಕಡಿಮೆ ಇದ್ದರೆ ವಿಷಯವನ್ನು ಇನ್ನೊಮ್ಮೆ ವಿವರಿಸಿ. 70ಕ್ಕಿಂತ ಹೆಚ್ಚಿದ್ದರೆ ಚುಟುಕಾಗಿ ಹೇಳಿ ಮುಂದೆ ಹೋಗಿ. ಈ ಎರಡರ ನಡುವೆ ಇದ್ದರೆ ಸರಿ ಉತ್ತರ ಹೇಳಬೇಡಿ. ಬೇರೆ ಉತ್ತರ ಆರಿಸಿದವರನ್ನು ಹುಡುಕಿ ಮಾತಾಡಿ, ಅವರನ್ನು ಒಪ್ಪಿಸಿ ಎಂದು ಮಕ್ಕಳಿಗೇ ಬಿಡಿ. ಎರಡು ಮೂರು ನಿಮಿಷ ತರಗತಿ ಗಲಾಟೆಯಾಗುತ್ತದೆ, ಆಗಲಿ. ಆಮೇಲೆ ಅದೇ ಪ್ರಶ್ನೆಗೆ ಮತ್ತೆ ಕಾರ್ಡು ಎತ್ತಿಸಿ. ಆಗತಾನೇ ಅರ್ಥಮಾಡಿಕೊಂಡ ಮಗುವಿಗೆ ಎಲ್ಲಿ ಗೊಂದಲವಾಗಿತ್ತು ಅನ್ನುವುದು ಇನ್ನೂ ನೆನಪಿರುತ್ತದೆ. ಅದಕ್ಕೇ ಅದು ಪಕ್ಕದವರಿಗೆ ನಮಗಿಂತ ಚೆನ್ನಾಗಿ ಹೇಳಿಕೊಡಬಲ್ಲದು.

ಮಕ್ಕಳು ಉತ್ತರಿಸುವಾಗ ಅಂಕಿಅಂಶದ ಪರದೆ ತೋರಿಸಬೇಡಿ. ಹೆಚ್ಚು ಜನ ಎ ಎಂದಿದ್ದಾರೆ ಎಂದು ಕಂಡರೆ ಉಳಿದವರೂ ಎ ಕಡೆ ವಾಲುತ್ತಾರೆ. ಯಾವ ಮಗು ಏನು ಉತ್ತರಿಸಿತು ಅನ್ನುವ ಪಟ್ಟಿ ನಿಮಗೆ ಮಾತ್ರ.

ಹಂತ 5: ಕಾಣದ್ದನ್ನು ತೋರಿಸಿ, ಆದರೆ ಊಹೆ ಕೇಳಿದ ಮೇಲೆ

ಅದೇ ಪಾಠ ಮುಂದುವರಿಸೋಣ. ತರಗತಿ ಎ ಮತ್ತು ಬಿ ಎಂದು ಒಡೆದಿದೆ. ಈಗ ಫೆಟ್ ಸಿಮ್ಯುಲೇಷನ್ ತೆರೆಯಿರಿ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಇದು. ಭೌತ, ರಸಾಯನ, ಗಣಿತಗಳಿಗೆ ಉಚಿತ ಸಿಮ್ಯುಲೇಷನ್‌ಗಳಿವೆ, ಹಲವು ಭಾಷೆಗಳಲ್ಲಿವೆ, ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ.

ವಿದ್ಯುನ್ಮಂಡಲ ಕಟ್ಟುವ ಸಿಮ್ಯುಲೇಷನ್‌ನಲ್ಲಿ ಬ್ಯಾಟರಿ, ಬಲ್ಬು, ಸ್ವಿಚ್, ತಂತಿ ಎಳೆದು ಜೋಡಿಸಿ. ಸ್ವಿಚ್ ಹಾಕಿದಾಗ ಎಲೆಕ್ಟ್ರಾನ್‌ಗಳು ಸಾಲಾಗಿ ಸಾಗುವುದು ಕಾಣುತ್ತದೆ. ಬಲ್ಬಿನ ಮೊದಲು ಒಂದು, ನಂತರ ಒಂದು ಅಮ್ಮೀಟರ್ (ಪ್ರವಾಹ ಅಳೆಯುವ ಮೀಟರ್) ಇಡಿ. ಸ್ವಿಚ್ ಹಾಕುವ ಮೊದಲು ಎರಡು ಮೀಟರುಗಳಲ್ಲಿ ಏನು ಬರಬಹುದು ಎಂದು ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆಯಲಿ. ಆಮೇಲೆ ಹಾಕಿ. 9 ವೋಲ್ಟ್ ಬ್ಯಾಟರಿ, 10 ಓಮ್ ಬಲ್ಬು ಇದ್ದರೆ ಎರಡು ಕಡೆಯೂ 0.90 ಆಂಪಿಯರ್. ಬಲ್ಬು ತೆಗೆದುಕೊಂಡದ್ದು ಶಕ್ತಿಯನ್ನು, ಪ್ರವಾಹವನ್ನಲ್ಲ ಎಂದು ನೀವು ಈಗ ಹೇಳುವ ಮಾತು ಮನಸ್ಸಿಗೆ ನಾಟುತ್ತದೆ. ಯಾಕೆಂದರೆ ಮಕ್ಕಳು ತಮ್ಮ ಊಹೆ ಸರಿಯೋ ತಪ್ಪೋ ನೋಡಲು ಕಾಯುತ್ತಿದ್ದರು. ಊಹೆ ಬರೆಸದೆ ನೇರವಾಗಿ ತೋರಿಸಿದರೆ ಅದು ಚೆಂದದ ಬೊಂಬೆಯಾಟವಾಗಿ ಮುಗಿಯುತ್ತದೆ.

ಜಿಯೋಜೀಬ್ರಾಕ್ಕೂ ಇದೇ ಕ್ರಮ. 2001ರಲ್ಲಿ ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಶುರುಮಾಡಿದ ಇದರಲ್ಲಿ ತ್ರಿಭುಜದ ತುದಿ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಮೌಸನ್ನು ಮಗುವಿನ ಕೈಗೆ ಕೊಡಿ. "ಮೊತ್ತ ಬದಲಾಗುವ ಹಾಗೆ ಎಳೆದು ತೋರಿಸು" ಎಂದು ಸವಾಲು ಹಾಕಿ. ಖಗೋಳಕ್ಕೆ ಸ್ಟೆಲ್ಲೇರಿಯಂ ಇದೆ, ಉಚಿತ. ದಿನಾಂಕ ಓಡಿಸಿದರೆ ಚಂದ್ರನ ಕಲೆಗಳು ಬದಲಾಗುವುದನ್ನು ಒಂದು ನಿಮಿಷದಲ್ಲಿ ನೋಡಬಹುದು.

ಹಂತ 6: ಫೋನಿನಲ್ಲಿ ಅಳೆಯಿರಿ

ಫೋನಿನೊಳಗೆ ಮೈಕ್, ವೇಗೋತ್ಕರ್ಷ ಅಳೆಯುವ ಸೆನ್ಸರ್ ಇವೆ. ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವುದೂ ಇರುತ್ತದೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇವನ್ನೆಲ್ಲ ಪ್ರಯೋಗಕ್ಕೆ ತೆರೆದಿಡುತ್ತದೆ.

ಶಬ್ದದ ವೇಗ ಅಳೆಯುವ ಪ್ರಯೋಗ ನನಗೆ ಬಹಳ ಇಷ್ಟ. ಎರಡು ಫೋನ್ ಬೇಕು. ಎರಡರಲ್ಲೂ ಶಬ್ದ ಕೇಳಿ ಶುರುವಾಗಿ, ಮುಂದಿನ ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ತೆರೆಯಿರಿ. ಐದು ಮೀಟರ್ ದೂರದಲ್ಲಿಡಿ, ಪ್ರತಿ ಫೋನಿನ ಪಕ್ಕ ಒಬ್ಬ ಮಗು. ಮೊದಲ ಮಗು ಚಪ್ಪಾಳೆ ತಟ್ಟುತ್ತದೆ, ಅದರ ಫೋನ್ ತಕ್ಷಣ ಶುರುವಾಗುತ್ತದೆ. ಶಬ್ದ ಐದು ಮೀಟರ್ ಸಾಗಿದ ಮೇಲೆ ಇನ್ನೊಂದು ಶುರುವಾಗುತ್ತದೆ. ಸ್ವಲ್ಪ ಬಿಟ್ಟು ಎರಡನೇ ಮಗು ತಟ್ಟುತ್ತದೆ. ಈಗ ಅದರ ಫೋನ್ ಮೊದಲು ನಿಲ್ಲುತ್ತದೆ, ಮೊದಲನೆಯದು ತಡವಾಗಿ ನಿಲ್ಲುತ್ತದೆ. ಎರಡು ಫೋನುಗಳು ತೋರಿಸುವ ಸಮಯದ ವ್ಯತ್ಯಾಸ, ಶಬ್ದ ಹೋಗಿ ಬರಲು ಬೇಕಾದ ಸಮಯ, ಅಂದರೆ ಹತ್ತು ಮೀಟರಿನ ಸಮಯ. 0.029 ಸೆಕೆಂಡಿನ ಆಸುಪಾಸು ಬರಬೇಕು. ಹತ್ತನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ 343 ಮೀಟರ್.

ಪಿಸುಮಾತಿಗೆ ಸ್ಟಾಪ್‌ವಾಚ್ ಶುರುವಾಗದ ಹಾಗೆ ಶಬ್ದದ ಮಿತಿಯನ್ನು ಏರಿಸಿಟ್ಟುಕೊಳ್ಳಿ. ಐದಾರು ಸಲ ಮಾಡಿಸಿ, ಸರಾಸರಿ ತೆಗೆಸಿ. ಒಂದೊಂದು ಸಲ ಒಂದೊಂದು ಉತ್ತರ ಏಕೆ ಬಂತು ಅನ್ನುವ ಚರ್ಚೆಯೇ ಒಂದು ಒಳ್ಳೆಯ ಪಾಠ.

ಹಂತ 7: ವಿಡಿಯೊ ಚಿಕ್ಕದಿರಲಿ

ಆನ್‌ಲೈನ್ ಕೋರ್ಸ್‌ಗಳ ಬಗ್ಗೆ 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ ಎಂದು ಕಂಡುಬಂತು. ಅವರಾದರೋ ತಾವಾಗೇ ಬಂದು ಸೇರಿದವರು. ಹಾಗಾಗಿ ಇಡೀ ವಿಡಿಯೊ ಹಾಕಿ ಕೂರಬೇಡಿ. ಬೇಕಾದ ಎರಡು ಮೂರು ನಿಮಿಷದ ಭಾಗ ಗುರುತಿಸಿಕೊಳ್ಳಿ. ನೋಡುವ ಮೊದಲೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ನಡುವೆ ನಿಲ್ಲಿಸಿ "ಮುಂದೇನಾಗುತ್ತದೆ?" ಎಂದು ಕೇಳಿ. ಯೂಟ್ಯೂಬ್‌ನಲ್ಲಿ ನಿಲ್ಲಿಸಿದ ಮೇಲೆ ಅಲ್ಪವಿರಾಮ, ಪೂರ್ಣವಿರಾಮದ ಕೀ ಒತ್ತಿದರೆ ಒಂದೊಂದೇ ಚೌಕಟ್ಟು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಚೆಂಡು ಬೀಳುವುದನ್ನು ತೋರಿಸಲು ತುಂಬ ಅನುಕೂಲ. ಆಟೋಪ್ಲೇ ಆಫ್ ಮಾಡಿ.

ಪಿಪಿಟಿ ಬಗ್ಗೆ ಒಂದೇ ಮಾತು. ನೀವು ಓದಿ ಹೇಳುವ ವಾಕ್ಯಗಳನ್ನೇ ಪರದೆಯ ಮೇಲೂ ತುಂಬಬೇಡಿ. ಮಾತಾಡುವಾಗ ಚಿತ್ರ ಇರಲಿ. ಚರ್ಚೆ ಶುರುವಾದರೆ ಕೀಬೋರ್ಡಿನಲ್ಲಿ ಬಿ ಒತ್ತಿ, ಪರದೆ ಕಪ್ಪಾಗಿ ಮಕ್ಕಳ ಕಣ್ಣು ಒಬ್ಬರ ಮೇಲೊಬ್ಬರಿಗೆ ತಿರುಗುತ್ತದೆ.

ಹಂತ 8: ಮರೆಯುವ ಮುನ್ನ ನೆನಪಿಸಿಕೊಳ್ಳಲಿ

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರತಿ ಶಿಕ್ಷಕರಿಗೂ ಗೊತ್ತಿರಬೇಕು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದರೆ, ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದೆ.

ಹಾಗಾಗಿ ವಾರಕ್ಕೊಂದು ಗೂಗಲ್ ಫಾರ್ಮ್ ಮಾಡಿ. ಐದು ಪ್ರಶ್ನೆ ಸಾಕು: ಎರಡು ಈ ವಾರದ್ದು, ಎರಡು ಹೋದ ತಿಂಗಳದ್ದು, ಒಂದು ಇನ್ನೂ ಹಳೆಯದು. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆನ್ ಮಾಡಿ ಸರಿ ಉತ್ತರ ತುಂಬಿದರೆ ತಾನಾಗೇ ತಿದ್ದುತ್ತದೆ. ತಪ್ಪು ಉತ್ತರ ಕೊಟ್ಟವರಿಗೆ ಕಾಣುವ ಟಿಪ್ಪಣಿಯ ಜಾಗವೂ ಇದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಅಲ್ಲಿ ಒಂದು ಸಾಲಿನ ಸುಳಿವು ಬರೆಯಿರಿ. ಇದಕ್ಕೆ ಅಂಕ ಲೆಕ್ಕ ಹಾಕಬೇಡಿ. ಹಾಕಿದರೆ ನೆನಪಿಸಿಕೊಳ್ಳುವುದು ಬಿಟ್ಟು ನಕಲು ಶುರುವಾಗುತ್ತದೆ, ಅಲ್ವಾ?

ಹಂತ 9: ಮಕ್ಕಳ ಕೈಯಿಂದಲೇ ಮಾಡಿಸಿ

ಮೂರು ಮಕ್ಕಳ ಗುಂಪಿಗೆ ಒಂದು ಫೋನ್ ಕೊಟ್ಟು, ಒಂದು ಪರಿಕಲ್ಪನೆಯನ್ನು ಕಿರಿಯ ತರಗತಿಯವರಿಗೆ ಒಂದೂವರೆ ನಿಮಿಷದಲ್ಲಿ ವಿವರಿಸುವ ವಿಡಿಯೊ ಮಾಡಲು ಹೇಳಿ. ಮುಖ ತೋರಿಸಬೇಕಿಲ್ಲ, ಹಾಳೆಯ ಮೇಲೆ ಬರೆಯುವ ಕೈ ಸಾಕು. ಮೊದಲು ಏನು ಹೇಳುತ್ತೇವೆ ಎಂದು ಬರೆದು ನಿಮಗೆ ತೋರಿಸಲಿ. ಆ ಬರವಣಿಗೆಯಲ್ಲೇ ಅವರಿಗೆ ಎಲ್ಲಿ ಗೊತ್ತಿಲ್ಲ ಅನ್ನುವುದು ಹೊರಬರುತ್ತದೆ. ಎಡಿಟಿಂಗ್, ಸಂಗೀತಕ್ಕೆಲ್ಲ ಸಮಯ ಕೊಡಬೇಡಿ.

ಭಾಷಾ ಪಾಠದಲ್ಲಿ ಮಗು ತನ್ನ ಓದನ್ನು ತಾನೇ ರೆಕಾರ್ಡ್ ಮಾಡಿ ಕೇಳಲಿ, ಮತ್ತೆ ಓದಲಿ. ತಿಂಗಳ ಮೊದಲ ಓದು, ಕೊನೆಯ ಓದು ಎರಡನ್ನೂ ಕೇಳಿಸಿದರೆ ಯಾವ ಅಂಕವೂ ಹೇಳದ್ದನ್ನು ಅದು ಹೇಳುತ್ತದೆ. ಎಲ್ಲರೆದುರು ಓದಲು ಹೆದರುವ ಮಕ್ಕಳಿಗೆ ಇದು ದೊಡ್ಡ ಆಸರೆ.

ಎಐ ಬಳಸುವುದಾದರೆ

ಚಾಟ್‌ಜಿಪಿಟಿಯಂಥವು ಪಾಠದ ತಯಾರಿಗೆ ನೆರವಾಗುತ್ತವೆ, ಮುಖ್ಯವಾಗಿ ಪ್ರಶ್ನೆಗಳ ಕರಡಿಗೆ. ಸುಮ್ನೆ "ಭಿನ್ನರಾಶಿ ಬಗ್ಗೆ ಹತ್ತು ಪ್ರಶ್ನೆ ಕೊಡು" ಎನ್ನಬೇಡಿ. "1/2 + 1/3 ಮಾಡುವಾಗ ಮಕ್ಕಳು ಯಾವ ಯಾವ ತಪ್ಪು ಮಾಡುತ್ತಾರೆ, ಪ್ರತಿ ತಪ್ಪಿನಿಂದ ಯಾವ ಉತ್ತರ ಬರುತ್ತದೆ ಹೇಳು, ಅವನ್ನೇ ಆಯ್ಕೆ ಮಾಡು" ಎಂದು ಕೇಳಿ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದರೆ 2/5. ಛೇದ ಸಮ ಮಾಡಿ ಅಂಶ ಬದಲಿಸಲು ಮರೆತರೆ 2/6. ಗುಣಿಸಿಬಿಟ್ಟರೆ 1/6. ಸರಿ ಉತ್ತರ 5/6. ಇಂಥ ಆಯ್ಕೆಗಳಿದ್ದರೆ ಹಂತ 4ರ ಕಾರ್ಡುಗಳಿಗೆ ಬೆಲೆ ಬರುತ್ತದೆ.

ಎಐ ಕೊಟ್ಟ ಪ್ರತಿ ಸಾಲನ್ನೂ ನೀವೇ ಪರಿಶೀಲಿಸಬೇಕು. ತಪ್ಪನ್ನೂ ಅದು ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಮಕ್ಕಳ ಹೆಸರು, ಅಂಕ, ಮನೆಯ ವಿಷಯ ಅದರಲ್ಲಿ ತುಂಬಲೇಬೇಡಿ. ಇನ್ನೊಂದು ಮಾತು: ಇದು ಎಐ ಬರೆದದ್ದು ಎಂದು ಪತ್ತೆಹಚ್ಚುವ ಸಾಧನಗಳನ್ನು ನಂಬಿ ಮಗುವನ್ನು ದೂರಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಕಡಿಮೆ ಎಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅನುಮಾನ ಬಂದರೆ ಮಗುವನ್ನು ಪಕ್ಕಕ್ಕೆ ಕರೆದು, ಬರೆದದ್ದನ್ನು ವಿವರಿಸಲು ಕೇಳಿ.

ಯಾರೂ ಹೊರಗುಳಿಯದ ಹಾಗೆ

ವಿಡಿಯೊಗೆ ಯಾವಾಗಲೂ ಕ್ಯಾಪ್ಷನ್ ಹಾಕಿ. ಕಿವಿ ಮಂದವಿರುವ ಮಗುವಿಗಷ್ಟೇ ಅಲ್ಲ, ಎಲ್ಲರಿಗೂ ಅನುಕೂಲ. ಕೆಲವು ಮಕ್ಕಳಿಗೆ ಕೆಂಪು, ಹಸಿರು ಒಂದೇ ಥರ ಕಾಣುತ್ತವೆ, ಅದು ಅವರಿಗೇ ಗೊತ್ತಿರುವುದಿಲ್ಲ. ಗ್ರಾಫಿನಲ್ಲಿ ಬಣ್ಣದ ಜೊತೆ ಹೆಸರು ಅಥವಾ ಗುರುತೂ ಇರಲಿ. ಓದಲು ಕಷ್ಟಪಡುವ ಮಗುವಿಗೆ ಫೋನಿನ ಓದಿ ಹೇಳುವ ಸೌಲಭ್ಯವನ್ನು ಇಯರ್‌ಫೋನ್‌ನಲ್ಲಿ ಕೇಳಿಸಿ.

ಖಾತೆ ತೆರೆಸುವ ಮೊದಲು ವಯಸ್ಸಿನ ನಿಯಮ ನೋಡಿ. ಹಲವು ಸೇವೆಗಳಲ್ಲಿ 13 ವರ್ಷದೊಳಗಿನವರು ತಾವಾಗಿ ಖಾತೆ ತೆರೆಯುವಂತಿಲ್ಲ. ಖಾತೆ ಇಲ್ಲದೆ ನಡೆಯುವ ಸಾಧನ ಸಿಕ್ಕರೆ ಅದನ್ನೇ ಆರಿಸಿ. ಹೆಸರಿನ ಬದಲು ಹಾಜರಿ ಸಂಖ್ಯೆ ಬಳಸಿ. ಮನೆಯಲ್ಲಿ ಸಾಧನ ಇಲ್ಲದ ಮಗು ಒಂದಿದ್ದರೂ ಆನ್‌ಲೈನ್ ಹೋಂವರ್ಕ್ ಕಡ್ಡಾಯ ಮಾಡಬೇಡಿ. ಆ ಕೆಲಸವನ್ನು ತರಗತಿಯಲ್ಲೇ ಮುಗಿಸಿ.

ಕೈಕೊಟ್ಟಾಗ, ಮತ್ತು ಪಾಠ ಮುಗಿದ ಮೇಲೆ

ಕರೆಂಟೋ ನೆಟ್ಟೋ ಕೈಕೊಡುವ ದಿನ ಬಂದೇ ಬರುತ್ತದೆ. ಎರಡು ನಿಮಿಷದಲ್ಲಿ ಸರಿಯಾಗದಿದ್ದರೆ ಬಿಟ್ಟುಬಿಡಿ. ಮುಖ್ಯ ಪ್ರಶ್ನೆ ಕಾಗದದ ಮೇಲೂ ಇರಲಿ. ಪ್ಲಿಕರ್ಸ್ ಇಲ್ಲದಿದ್ದರೆ ಎ, ಬಿ, ಸಿ, ಡಿಗೆ ಒಂದು, ಎರಡು, ಮೂರು, ನಾಲ್ಕು ಬೆರಳು. ಎಲ್ಲರೂ ಕಣ್ಣು ಮುಚ್ಚಿ ಎದೆಯ ಹತ್ತಿರ ಬೆರಳು ತೋರಿಸಲಿ. ನಿಖರ ಲೆಕ್ಕ ಸಿಗದಿರಬಹುದು, ತರಗತಿ ಎತ್ತ ವಾಲಿದೆ ಅನ್ನುವುದು ಸಿಗುತ್ತದೆ.

ಹೊಸದಾಗಿ ಶುರುಮಾಡುವವರು ಒಂದು ಅವಧಿಗೆ ಒಂದೇ ಸಾಧನ ಹಿಡಿಯಿರಿ. ಪ್ರತಿ ಪಾಠದ ಫೈಲಿನ ಮೊದಲ ಪುಟದಲ್ಲಿ ಮೂರು ಸಾಲು ಬರೆದಿಡಿ: ಎಷ್ಟು ಹೊತ್ತು ಹಿಡಿಯಿತು, ಮಕ್ಕಳು ಎಲ್ಲಿ ತಪ್ಪಿದರು, ಮುಂದಿನ ಸಲ ಏನು ಬದಲಿಸಬೇಕು. ಅದೇ ದಿನ ಬರೆಯಿರಿ, ಮರುದಿನಕ್ಕೆ ನೆನಪಿರುವುದಿಲ್ಲ. ಇನ್ನೊಬ್ಬ ಟೀಚರಿಗೆ ಫೈಲು ಕೊಡುವಾಗ ಆ ಸಾಲುಗಳನ್ನು ಅಳಿಸದೆ ಕೊಡಿ. ಬಲ್ಬಿನ ಪ್ರಶ್ನೆಗೆ ಅರ್ಧ ತರಗತಿ ಎ ಎಂದಿತ್ತು ಅನ್ನುವ ಒಂದು ಸಾಲು, ಅವರಿಗೆ ಇಡೀ ಪಿಪಿಟಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.